ದಿನಕ್ಕೆ 20 ನಿಮಿಷ ಆಡೋಕೆ ಯಾವ ಹ್ಯಾಂಡ್‌ಹೆಲ್ಡ್ (ಕೈಯಲ್ಲಿ ಹಿಡಿದು ಆಡುವ ಗೇಮ್ ಸಾಧನ) ತಗೊಳ್ಳಲಿ?

ಪ್ರಶ್ನೆ: ಸರ್, ಮಗು ಮಲಗಿದ ಮೇಲೆ ನನಗೆ ಸಿಗುವುದು 20 ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ. ಆಡುವುದು ಮನೆಯಲ್ಲೇ, ಸೋಫಾದಲ್ಲೋ ಹಾಸಿಗೆಯಲ್ಲೋ. ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡಿಟ್ಟ ಆಟಗಳು ಎಷ್ಟೋ ಇವೆ, ಮುಟ್ಟೋಕೇ ಆಗಿಲ್ಲ. ನಿಂಟೆಂಡೊದ ಸ್ವಿಚ್ ಲೈಟ್, ಸ್ಟೀಮ್‌ನವರದೇ ಸ್ಟೀಮ್ ಡೆಕ್ ಓಎಲ್‌ಇಡಿ, ಆಸುಸ್‌ನ ಆರ್‌ಒಜಿ ಅಲೈ, ಈ ಮೂರರಲ್ಲಿ ಯಾವುದು? ಅಲೈನಲ್ಲಿ ಪವರ್ ಜಾಸ್ತಿ ಅಂತಾರೆ.

ಉತ್ತರ (ಹ್ಯಾಂಡ್‌ಹೆಲ್ಡ್ ರಿಪೇರಿ ಮಾಡುವವರು): ಪವರ್ ಜಾಸ್ತಿ ಇರುವುದು ನಿಜ. ಆದರೆ ನೀವು ಮೊದಲು ನೋಡಬೇಕಾದ್ದು ಸ್ಲೀಪ್. ಮಗು ಎದ್ದರೆ ಬಟನ್ ಒತ್ತಿ ಪಕ್ಕಕ್ಕಿಡಬೇಕು, ಮಾರನೇ ರಾತ್ರಿ ಒತ್ತಿದರೆ ಬಿಟ್ಟಲ್ಲಿಂದಲೇ ಆಟ ಶುರುವಾಗಬೇಕು, ಅಲ್ವಾ? ಸ್ವಿಚ್, ಡೆಕ್ ಎರಡೂ ಇದನ್ನು ಚೆನ್ನಾಗಿ ಮಾಡುತ್ತವೆ. ಆಟ ಮೆಮೊರಿಯಲ್ಲಿ ಹಾಗೇ ನಿಂತಿರುತ್ತದೆ, ಕೆಲವೇ ಸೆಕೆಂಡಿನಲ್ಲಿ ತೆರೆಗೆ ಬರುತ್ತದೆ. ಅಲೈ ಓಡುವುದು ವಿಂಡೋಸ್‌ನಲ್ಲಿ. ಅಲ್ಲಿ ಸ್ಲೀಪ್‌ನಿಂದ ಎದ್ದಾಗ ಕೆಲವು ಆಟ ಕ್ರ್ಯಾಶ್ ಆಗುತ್ತವೆ, ಕೆಲವೊಮ್ಮೆ ಬ್ಯಾಟರಿ ಸುಮ್ನೆ ಇಳಿದಿರುತ್ತದೆ. ಜೊತೆಗೆ ಅಪ್‌ಡೇಟ್, ಆಟ ತೆರೆಯುವ ಲಾಂಚರ್ ಆ್ಯಪ್, ಲಾಗಿನ್. ನಿಮ್ಮ ಅರ್ಧ ಸಮಯ ಅಲ್ಲೇ ಹೋಗುತ್ತದೆ.

ಇನ್ನು ತೂಕ. ಲೈಟ್ 275 ಗ್ರಾಂ, ಅಲೈ 608, ಡೆಕ್ ಓಎಲ್‌ಇಡಿ ಸುಮಾರು 640. ಅಂಗಾತ ಮಲಗಿ ಮುಖದ ಮೇಲೆ ಹಿಡಿದು ಆಡುವವರಿಗೆ ಲೈಟ್‌ನಷ್ಟು ಸುಖ ಬೇರೆ ಯಾವುದರಲ್ಲೂ ಇಲ್ಲ. ಆದರೆ ಅದರ ತೆರೆ 5.5 ಇಂಚು, ಟಿವಿಗೆ ಜೋಡಿಸಲು ಬರುವುದಿಲ್ಲ. ಕಂಟ್ರೋಲರ್ ಬಿಚ್ಚಲು ಆಗುವುದಿಲ್ಲ, ಹಾಗಾಗಿ ಸ್ಟಿಕ್ ತಾನೇ ಸರಿಯತೊಡಗಿದರೆ ಇಡೀ ಸೆಟ್ಟೇ ರಿಪೇರಿಗೆ ಬರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಸ್ಟೀಮ್ ಆಟಗಳು ಅದರಲ್ಲಿ ಓಡುವುದಿಲ್ಲ. ಮತ್ತೆ ದುಡ್ಡು ಕೊಟ್ಟು ಕೊಳ್ಳಬೇಕು.

ಡೆಕ್ ಓಎಲ್‌ಇಡಿ ತೆಗೆದುಕೊಳ್ಳಿ. ಮಲಗಿದಾಗ ದಿಂಬಿನ ಮೇಲೆ ಊರಿ ಹಿಡಿದರೆ ಭಾರ ಗೊತ್ತಾಗುವುದಿಲ್ಲ. ನಿಮ್ಮ ಲೈಬ್ರರಿಯಲ್ಲಿ ಯಾವ ಆಟಕ್ಕೆ ಹಸಿರು ಟಿಕ್ (ಡೆಕ್‌ನಲ್ಲಿ ಚೆನ್ನಾಗಿ ಓಡುತ್ತದೆ ಅನ್ನುವ ಸ್ಟೀಮ್ ಗುರುತು) ಇದೆ ಅಂತ ಮೊದಲೇ ನೋಡಿಕೊಳ್ಳಿ. ಹಳದಿ ಗುರುತಿನವೂ ಓಡುತ್ತವೆ, ಅಕ್ಷರ ಸಣ್ಣದಾಗಿರಬಹುದು ಅಥವಾ ಸ್ವಲ್ಪ ಸೆಟ್ಟಿಂಗ್ ಬದಲಿಸಬೇಕಾಗಬಹುದು. ಅದೇ ಆಟವನ್ನು ಕಂಪ್ಯೂಟರ್‌ನಲ್ಲೂ ಮುಂದುವರಿಸುವ ಆಸೆ ಇದ್ದರೆ, ಡೆಕ್‌ನಲ್ಲಿ ಸೇವ್ ಮಾಡಿ ಆಟದಿಂದ ಹೊರಬನ್ನಿ. ಬರೀ ಸ್ಲೀಪ್‌ಗೆ ಹಾಕಿದರೆ ಹೆಚ್ಚಿನ ಆಟಗಳ ಸೇವ್ ಕ್ಲೌಡ್‌ಗೆ ಹೋಗಿರುವುದಿಲ್ಲ.

ಮರುಪ್ರಶ್ನೆ: ಆನ್‌ಲೈನ್ ಆಟಗಳು ಆಗುತ್ತವಾ ಸರ್?

ಉತ್ತರ: ಎಲ್ಲವೂ ಇಲ್ಲ. ಫೋರ್ಟ್‌ನೈಟ್, ವ್ಯಾಲೊರಂಟ್ ಡೆಕ್‌ನಲ್ಲಿ ವಿಂಡೋಸ್ ಬದಲು ಇರುವ ಸ್ಟೀಮ್‌ಓಎಸ್‌ನಲ್ಲಿ ಓಡುವುದಿಲ್ಲ. ಓಡುವ ಆಟಗಳಲ್ಲೂ ಸ್ಲೀಪ್‌ಗೆ ಹಾಕಿದ ಕೂಡಲೇ ಸಂಪರ್ಕ ಕಡಿಯುತ್ತದೆ. ಮಗು ಅಳುವಾಗ ಮ್ಯಾಚ್ ತಡೆದು ನಿಲ್ಲಿಸಲು ಬಟನ್ ಇರುವುದಿಲ್ಲ.

ಇನ್ನೊಬ್ಬ ಸದಸ್ಯೆ: ನಮ್ಮ ಮನೆಯಲ್ಲಿ ಟಿವಿಗೆ ಜೋಡಿಸಿ ಆಡುವ ಸೋನಿಯ ಪಿಎಸ್5 (ಪ್ಲೇಸ್ಟೇಷನ್ 5) ಇದೆ. ಟಿವಿ ಯಾವಾಗಲೂ ಅತ್ತೆಯವರ ಕೈಯಲ್ಲಿ. ಪ್ಲೇಸ್ಟೇಷನ್ ಪೋರ್ಟಲ್ ಸಾಕಾ?

ಉತ್ತರ: ಮನೆಯೊಳಗೇ ಆಡುವುದಾದರೆ ಸಾಕು ಮೇಡಂ. ತೆರೆ 8 ಇಂಚು, ಹಿಡಿತವೂ ಆರಾಮ. ಆದರೆ ಆಟ ಅದರೊಳಗೆ ಇರುವುದಿಲ್ಲ, ಪಿಎಸ್5ನಿಂದ ವೈಫೈ ಮೇಲೆ ಬರುತ್ತದೆ. ವೈಫೈ ವೇಗ ಕನಿಷ್ಠ 5 ಎಂಬಿಪಿಎಸ್ ಬೇಕು, ಚೆನ್ನಾಗಿ ಆಡಲು 15 ಇರಲಿ ಅಂತ ಸೋನಿಯೇ ಹೇಳುತ್ತದೆ. ಪಿಎಸ್5ಗೆ ರೂಟರ್‌ನಿಂದ ಕೇಬಲ್ ಎಳೆದುಬಿಡಿ, ತಡವರಿಕೆ ಅಲ್ಲೇ ಸಾಕಷ್ಟು ಕಡಿಮೆಯಾಗುತ್ತದೆ. ಮಲಗುವ ಕೋಣೆಯಲ್ಲಿ ವೈಫೈ ಸಿಗದಿದ್ದರೆ ಮೊದಲು ಅದನ್ನು ಸರಿಮಾಡಿ, ಆಮೇಲೆ ಪೋರ್ಟಲ್.

ಮೊದಲು ಕೇಳಿದವರು: ಡೆಕ್ 512 ಜಿಬಿ ಸಾಕಾ, 1 ಟಿಬಿ ಬೇಕಾ?

ಉತ್ತರ: 512 ಸಾಕು, ಬೇಕಾದರೆ ಮೈಕ್ರೋಎಸ್‌ಡಿ ಕಾರ್ಡ್ ಹಾಕಿ. 1 ಟಿಬಿಯಲ್ಲಿ ಪ್ರತಿಬಿಂಬ ಕಡಿಮೆ ಮಾಡುವ ಗಾಜು ಬರುತ್ತದೆ. ಬೆನ್ನ ಹಿಂದೆ ದೀಪ ಉರಿಯುತ್ತಿರುವ ಕಡೆ ಕೂತು ಆಡುವವರಾದರೆ ಮಾತ್ರ ಅದರ ಯೋಚನೆ ಮಾಡಿ.