ಔಷಧಿ ಅಂಗಡಿಯವನು ಜನರಲ್ ಆದದ್ದು ಹೇಗೆ? ಹ್ಯೂ ಮರ್ಸರ್ ಬಗ್ಗೆ

ದುರ್ಗದ ಮೆಡಿಕಲ್‌ನವನು:
ಚಿತ್ರದುರ್ಗದಲ್ಲಿ ನಂದೊಂದು ಸಣ್ಣ ಮೆಡಿಕಲ್ ಶಾಪ್. ಮಧ್ಯಾಹ್ನ ಗಿರಾಕಿ ಕಮ್ಮಿ, ಇತಿಹಾಸ ಓದೋ ಚಟ. ಹ್ಯೂ ಮರ್ಸರ್ ಅಂತ ಒಬ್ಬ ಸಿಕ್ಕ. ಅಮೆರಿಕದ ಫ್ರೆಡರಿಕ್ಸ್‌ಬರ್ಗ್‌ನಲ್ಲಿ ಡಾಕ್ಟರಿಕೆ, ಔಷಧಿ ಅಂಗಡಿ. ಆಮೇಲೆ ನೋಡಿದರೆ ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯಕ್ಕೆ ಹೋರಾಡಿದ ವಾಷಿಂಗ್ಟನ್ ಸೈನ್ಯದಲ್ಲಿ ಬ್ರಿಗೇಡಿಯರ್ ಜನರಲ್! ಗುಳಿಗೆ ಕೊಡೋ ಕೈಗೆ ಕತ್ತಿ ಹೆಂಗೆ ಬಂತು? ಗೊತ್ತಿದ್ದವರು ಹೇಳ್ರಪ್ಪ.

ನಿವೃತ್ತ ಮೇಷ್ಟ್ರು, ದಾವಣಗೆರೆ:
ಕತ್ತಿ ಅವನಿಗೆ ಹೊಸದಲ್ಲ ತಮ್ಮಾ. ಸ್ಕಾಟ್ಲೆಂಡಿನವನು, ಅಬರ್ಡೀನಿನಲ್ಲಿ ವೈದ್ಯ ಓದಿದ. 1746ರ ಕಲ್ಲೋಡನ್ ಯುದ್ಧದಲ್ಲಿ ಬ್ರಿಟಿಷ್ ರಾಜನ ವಿರುದ್ಧ ದಂಗೆ ಎದ್ದವರ ಕಡೆ ಶಸ್ತ್ರವೈದ್ಯನ ಸಹಾಯಕ. ಸೋತರು. ತಲೆ ಉಳಿಸಿಕೊಳ್ಳೋಕೆ ಮರುವರ್ಷ ಹಡಗು ಹತ್ತಿ ಪೆನ್ಸಿಲ್ವೇನಿಯಾ ಸೇರಿದ. ಅಲ್ಲಿ ಬ್ರಿಟಿಷರಿಗೂ ಫ್ರೆಂಚರಿಗೂ ಯುದ್ಧ ನಡೀತಿತ್ತು; 1756ರಲ್ಲಿ ಫ್ರೆಂಚರ ಕಡೆಯ ಮೂಲನಿವಾಸಿಗಳ ಹಳ್ಳಿ ಕಿಟ್ಟಾನಿಂಗ್ ಮೇಲಿನ ದಾಳಿಗೆ ಹೋಗಿ ಗಾಯಗೊಂಡ, ಜೊತೆಯವರು ತಪ್ಪಿಹೋದರು. ಆ ಗಾಯದಲ್ಲೇ ಒಬ್ಬನೇ ಸುಮಾರು 100 ಮೈಲಿ ಕಾಡು ತುಳಿದು ಕೋಟೆ ಮುಟ್ಟಿದ. ರೋಗಿಯೂ ಅವನೇ, ಡಾಕ್ಟರೂ ಅವನೇ. ನನಗಂತೂ ಜನರಲ್ ಪದವಿಗಿಂತ ಇದೇ ದೊಡ್ಡದು. ವಾಷಿಂಗ್ಟನ್ ಪರಿಚಯ ಆದದ್ದೂ ಆ ಯುದ್ಧದ ಕಾಲದಲ್ಲೇ.

ಕೋಟೆ ಸುತ್ತೋಳು:
ಸರ್, ಕೊನೆಗೆ ಏನಾಯ್ತು?

ನಿವೃತ್ತ ಮೇಷ್ಟ್ರು, ದಾವಣಗೆರೆ:
1777ರ ಜನವರಿ 3, ಪ್ರಿನ್ಸ್‌ಟನ್ ಯುದ್ಧ. ಕುದುರೆಗೆ ಏಟು ಬಿತ್ತು, ಕೆಳಗಿಳಿದ. ಬ್ರಿಟಿಷರು ಸುತ್ತುವರಿದು ಬಯೋನೆಟ್‌ನಲ್ಲಿ ತಿವಿದರು. ಬೆಂಜಮಿನ್ ರಶ್‌ನಂಥ ವೈದ್ಯ ನೋಡಿಕೊಂಡರೂ 12ಕ್ಕೆ ತೀರಿಕೊಂಡ. ಆಗಿನ್ನೂ ನಿಮ್ಮ ದುರ್ಗದಲ್ಲಿ ಮದಕರಿ ನಾಯಕರ ಆಳ್ವಿಕೆ ಕಣಮ್ಮಾ. ಹೈದರಾಲಿ ಕೋಟೆ ಹಿಡಿದದ್ದು 1779ರಲ್ಲಿ.

ದುರ್ಗದ ಮೆಡಿಕಲ್‌ನವನು:
ಥ್ಯಾಂಕ್ಸ್ ಮೇಷ್ಟ್ರೇ. ಅವನ ಹೆಸರಿನ ಔಷಧಿ ಅಂಗಡಿ ಈಗ ಮ್ಯೂಸಿಯಂ, ಜಿಗಣೆ ಕೂಡ ತೋರಿಸ್ತಾರೆ. ನಾನು ಕೌಂಟರ್ ಮೇಲೆ ಜಿಗಣೆ ಇಟ್ಟರೆ ಡ್ರಗ್ ಇನ್‌ಸ್ಪೆಕ್ಟರ್ ಲೈಸೆನ್ಸ್ ಕಿತ್ಕೊಂಡು ಹೋಗ್ತಾರೆ.