ಟೆಕ್ಸಾಸ್‌ನಲ್ಲಿ ಮನೆ ಹಿತ್ತಲಲ್ಲಿ ಹ್ಯಾಮ್ (ಹವ್ಯಾಸಿ ರೇಡಿಯೊ) ಟವರ್ ಹಾಕಬಹುದಾ?

ತಂತಿಮನೆ:
ಡಲ್ಲಾಸ್ ಪಕ್ಕದ ಊರಲ್ಲಿ ಒಂದು ಮನೆ ನೋಡಿದ್ದೇವೆ, ಮುಂದಿನ ವಾರ ಸಹಿ. ಬೆಂಗಳೂರಲ್ಲಿದ್ದಾಗ ನನ್ನದು ವಿಯು3 ಅಂತ ಶುರುವಾಗುವ ಹ್ಯಾಮ್ ಕರೆಸಂಕೇತ. ಇಲ್ಲಿ ಪರೀಕ್ಷೆ ಬರೆದು ಜನರಲ್ ಲೈಸೆನ್ಸ್ ಮಾಡಿಸಿಕೊಂಡೆ. ಹಿತ್ತಲಲ್ಲಿ 50 ಅಡಿ ಟವರ್ ನಿಲ್ಲಿಸಿ 20 ಮೀಟರ್ ತರಂಗಾಂತರದ ಬ್ಯಾಂಡಿನಲ್ಲಿ ಊರಿನ ಗೆಳೆಯರನ್ನು ಹಿಡಿಯೋ ಆಸೆ. ಎಫ್‌ಸಿಸಿ (ಅಮೆರಿಕದ ಸಂಪರ್ಕ ಆಯೋಗ) ಲೈಸೆನ್ಸ್ ಇದ್ದರೆ ಯಾರೂ ತಡೆಯುವ ಹಾಗಿಲ್ಲ ಅಂತಾರಲ್ಲ, ನಿಜಾನಾ? ಬಡಾವಣೆಗೆ ಎಚ್‌ಒಎ (ಮನೆ ಮಾಲೀಕರ ಸಂಘ) ಇದೆ.

ಹಳೇ ಹ್ಯಾಮ್:
ಸಹಿ ಹಾಕೋ ಮುಂಚೆ ಎಚ್‌ಒಎ ಕಾಗದ ಓದಿ. ಯಾರೂ ತಡೆಯುವ ಹಾಗಿಲ್ಲ ಅನ್ನೋದು ಅರ್ಧ ನಿಜ. 1985ರಲ್ಲಿ ಎಫ್‌ಸಿಸಿ ಪಿಆರ್‌ಬಿ-1 ಅನ್ನೋ ಆದೇಶ ಹೊರಡಿಸಿತು. ಊರಿನ ಆಡಳಿತ ಹ್ಯಾಮ್ ಆಂಟೆನಾಗೆ ಜಾಗ ಮಾಡಿಕೊಡಬೇಕು, ಸುಮ್ನೆ ಬೇಡ ಅನ್ನುವ ಹಾಗಿಲ್ಲ ಅನ್ನೋದು ಅದರ ಸಾರ. ಇಂತಿಷ್ಟೇ ಅಡಿ ಅಂತ ಅದರಲ್ಲಿಲ್ಲ. ಟೆಕ್ಸಾಸ್ ಕಾನೂನೂ ಅದನ್ನೇ ಹೇಳುತ್ತದೆ. ಆದರೆ ಇದೆಲ್ಲ ಸರ್ಕಾರದವರಿಗೆ ಮಾತ್ರ. ಎಚ್‌ಒಎ ನಿಯಮ ನೀವೇ ಒಪ್ಪಿಕೊಂಡ ಖಾಸಗಿ ಕರಾರು, ಪಿಆರ್‌ಬಿ-1 ಅದರ ತಂಟೆಗೇ ಹೋಗುವುದಿಲ್ಲ. ಎಚ್‌ಒಎಗೂ ಅನ್ವಯಿಸಲಿ ಅಂತ ಒಂದು ಮಸೂದೆ ತಂದರು, 2016ರಲ್ಲೂ 2017ರಲ್ಲೂ ಕೆಳಮನೆ ದಾಟಿತು, ಸೆನೆಟ್‌ನಲ್ಲಿ ನಿಂತುಹೋಯಿತು. ನನ್ನ ಹಿಂದಿನ ಮನೆಯಲ್ಲಿ ಒಂದೇ ಒಂದು ತಂತಿ ಕಟ್ಟಿದ್ದಕ್ಕೆ ನೋಟಿಸ್ ಬಂತು. ಪಕ್ಕದವರ ಟಿವಿ ಡಿಶ್‌ಗೆ ಮಾತ್ರ ಚಕಾರವಿಲ್ಲ, ಯಾಕಂದ್ರೆ ಒಂದು ಮೀಟರ್ ಒಳಗಿನ ಡಿಶ್‌ಗೆ ಎಫ್‌ಸಿಸಿಯ ಬೇರೆ ರಕ್ಷಣೆ ಇದೆ. ನಮ್ಮ ಹ್ಯಾಮ್ ಆಂಟೆನಾಗೆ ಅದು ಅನ್ವಯಿಸುವುದಿಲ್ಲ.

ಕಡ್ಲೆಪುರಿ:
ಎಚ್‌ಒಎ ಇಲ್ಲದ ಮನೆ ಸಿಕ್ಕರೂ ಸಿಟಿಯವರನ್ನು ಕೇಳಲೇಬೇಕು. ನಾನು ಹಾಕಿದಾಗ ಸೈಟಿನ ನಕ್ಷೆ, ಬೇಲಿಯಿಂದ ಎಷ್ಟು ದೂರ, ಎಂಜಿನಿಯರ್ ಸಹಿ ಇರುವ ಪಾಯದ ಡ್ರಾಯಿಂಗ್, ಗಾಳಿ ಹೊಡೆತದ ಲೆಕ್ಕ ಎಲ್ಲ ಕೇಳಿದರು. ಮೇಲೆ ಕೂರಿಸುವ ಬೀಮ್ ಆಂಟೆನಾ ಬಿಟ್ಟು ಬರೀ ಟವರ್ ಲೆಕ್ಕ ಕೊಟ್ಟು ಎರಡು ಸಲ ಅಲೆದೆ, ನೀವು ಹಾಗೆ ಮಾಡಬೇಡಿ. ಅಗೆಯೋ ಮುಂಚೆ 811ಕ್ಕೆ ಫೋನ್ ಮಾಡಿ, ಗ್ಯಾಸ್ ಕರೆಂಟ್ ಲೈನ್ ಎಲ್ಲಿದೆ ಅಂತ ಬಂದು ಗುರುತು ಹಾಕುತ್ತಾರೆ, ಪುಕ್ಕಟೆ. 200 ಅಡಿ ದಾಟಿದರೆ ಎಫ್‌ಎಎಗೆ (ಅಮೆರಿಕದ ವಿಮಾನಯಾನ ಇಲಾಖೆ) ತಿಳಿಸಬೇಕು. ಏರ್‌ಪೋರ್ಟ್ ಹತ್ತಿರವಾದರೆ ಅದಕ್ಕಿಂತ ಗಿಡ್ಡ ಟವರ್‌ಗೂ: ದೊಡ್ಡ ರನ್‌ವೇಯಿಂದ 20,000 ಅಡಿ ಒಳಗೆ, ಪ್ರತಿ 100 ಅಡಿ ದೂರಕ್ಕೆ 1 ಅಡಿ ಎತ್ತರದ ಲೆಕ್ಕ. ನೆಲ ಸಮ ಇದ್ದರೆ ತಿಳಿಸದೆ ಹಾಕೋಕೆ ನಿಮ್ಮ 50 ಅಡಿಗೆ ರನ್‌ವೇಯಿಂದ 5,000 ಅಡಿ ದೂರ ಬೇಕು.

ತಂತಿಮನೆ:
ಕಾಗದ ತರಿಸಿ ಓದಿದೆ. ಹೊರಗೆ ಕಾಣುವ ಆಂಟೆನಾ ಕೂಡದು ಅಂತ ನೇರವಾಗಿ ಬರೆದಿದ್ದಾರೆ. ಮನೆಯವರಿಗೆ ಅಡುಗೆಮನೆ ತುಂಬಾ ಹಿಡಿಸಿಬಿಟ್ಟಿದೆ, ಏನು ಮಾಡಲಿ?

ಹಳೇ ಹ್ಯಾಮ್:
ಹಾಗಾದರೆ ಟವರ್ ಮರೆತುಬಿಡಿ 😄 ಅಟ್ಟದಲ್ಲಿ ಡೈಪೋಲ್ (ನಡುವೆ ಕೇಬಲ್ ಸೇರಿಸುವ ತಂತಿ ಆಂಟೆನಾ) ಕಟ್ಟಿ. 20 ಮೀಟರ್‌ಗೆ ಸುಮಾರು 33 ಅಡಿ ತಂತಿ ಸಾಕು. ಬಿಸಿಲು ತಡೆಯೋಕೆ ಚಾವಣಿ ಕೆಳಗೆ ಫಾಯಿಲ್ ಹೊಡೆದಿದ್ದಾರಾ ಈಗಲೇ ನೋಡಿ, ಇದ್ದರೆ ಸಿಗ್ನಲ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಡಲ್ಲಾಸ್‌ನಿಂದ ಬೆಂಗಳೂರಿಗೆ ದಾರಿ ಹೆಚ್ಚುಕಡಿಮೆ ನೆಟ್ಟಗೆ ಉತ್ತರಕ್ಕೆ, ಧ್ರುವದ ಮೇಲಿಂದ. ಡೈಪೋಲ್ ಸಿಗ್ನಲ್ ಹೆಚ್ಚಾಗಿ ತಂತಿಗೆ ಅಡ್ಡವಾಗಿ ಹೋಗುತ್ತದೆ, ಅದಕ್ಕೆ ತಂತಿಯನ್ನು ಪೂರ್ವ-ಪಶ್ಚಿಮವಾಗಿ ಎಳೆಯಿರಿ. ಮಾತು ದಾಟೋದು ಕಷ್ಟ, ಮೋರ್ಸ್ ಅಥವಾ ಎಫ್‌ಟಿ8 (ಕಂಪ್ಯೂಟರ್ ಮೂಲಕ ಚಿಕ್ಕ ಸಂದೇಶ ಕಳಿಸೋ ವಿಧಾನ) ನೋಡಿ.