ಪ್ಯಾಡ್ ಎಷ್ಟು ಎಂಎಂ ಇದೆ?

ನಮ್ಮ ಗುಂಪಿನ ಹೆಸರು 'ಮಂಡ್ಯದ ಮನೆ'. ದಿನಾ ಬೆಳಿಗ್ಗೆ ಒಂದು ಹೂವಿನ ಚಿತ್ರ, ಅಮ್ಮನ ಬಿಪಿ ಎಷ್ಟಿದೆ ಅನ್ನುವ ಲೆಕ್ಕ, ಅಷ್ಟೇ. ಕಳೆದ ಗುರುವಾರ ಮಾತ್ರ ಇನ್ನೂರಕ್ಕೂ ಜಾಸ್ತಿ ಮೆಸೇಜ್ ಬಂದವು. ಜಗಳ ಕಾರಿನದು. ಅಪ್ಪ 2019ರಲ್ಲಿ ತೆಗೆದುಕೊಂಡ ಸಣ್ಣ ಪೆಟ್ರೋಲ್ ಕಾರು. ಅಪ್ಪ ಹೋದ ಮೇಲೆ ಮಂಡ್ಯದಲ್ಲೇ ನಿಂತಿದೆ. ಊರಿಗೆ ಯಾರು ಬಂದರೂ ಓಡಿಸುತ್ತಾರೆ, ಖರ್ಚು ನಾವು ಮೂವರು ಸಮ ಹಂಚಿಕೊಳ್ಳುತ್ತೇವೆ. ಲೆಕ್ಕ ಬರೆಯುವವಳು ನಾನು. ಅದಕ್ಕೇ ಇದನ್ನೂ ಎತ್ತಿಡುತ್ತಿದ್ದೇನೆ, ಬೈಗುಳ ಬಿಟ್ಟು.

11:20ಕ್ಕೆ ಅಣ್ಣ ಒಂದು ಫೋಟೊ ಹಾಕಿದ. ಮೈಸೂರಿನ ಶೋರೂಮ್ ಸರ್ವೀಸ್‌ನವರು ಕೊಟ್ಟ ಎಸ್ಟಿಮೇಟ್. ಒಟ್ಟು 18,700 ರೂಪಾಯಿ.

ಅಣ್ಣ: 62,000 ಕಿ.ಮೀ. ಆಗಿದೆ. ಬ್ರೇಕ್ ಕಿರ್ ಅನ್ನುತ್ತಿದೆ, ಏರ್‌ಬ್ಯಾಗ್ ದೀಪ ಬೇರೆ ಉರಿಯುತ್ತಿದೆ. ದೀಪದ್ದು ಸ್ಕ್ಯಾನ್ ಮಾಡಿ ಆಮೇಲೆ ಹೇಳುತ್ತಾರಂತೆ. ತಲೆಗೆ 6,233. ಎಲ್ಲರೂ ಓಕೆ ಅಂದರೆ ಶನಿವಾರ ಬಿಡುತ್ತೇನೆ.

ತಮ್ಮ: ಅಣ್ಣಾ, ಇದು ಎಸ್ಟಿಮೇಟಾ, ಮದುವೆ ಖರ್ಚಾ?

ಅಮ್ಮ: ಕಾರಿನಲ್ಲಿ ನನ್ನ ಛತ್ರಿ ಇದೆಯಾ ನೋಡಿ.

ತಮ್ಮ: ಸುಮ್ನೆ ಒಂದೊಂದೇ ಓದು. ಎಂಜಿನ್ ಆಯಿಲ್, ಫಿಲ್ಟರ್‌ಗಳು 2,650. ಸರಿ. ಮುಂದಿನ ಬ್ರೇಕ್ ಪ್ಯಾಡ್ 2,400. ಸರಿ ಅನ್ನೋಣ. ಪ್ಯಾಡ್ ಒತ್ತಿ ಹಿಡಿಯುವ ಡಿಸ್ಕ್, ಒಂದು ಜೋಡಿ 4,200. ಯಾಕೆ? ಇಂಜೆಕ್ಟರ್ ಕ್ಲೀನಿಂಗ್ 1,450. ಎಸಿ ಟ್ರೀಟ್‌ಮೆಂಟ್ 1,600. ಕಾರಿನ ಹೊಟ್ಟೆಗೆ ಕೋಟಿಂಗ್ 3,900! ನಮ್ಮದೇನು ಮಂಗಳೂರಾ, ಸಮುದ್ರದ ಉಪ್ಪುಗಾಳಿ ಹೊಡೆಯೋಕೆ?

ಅಣ್ಣ: ಅವರು ಟ್ರೈನಿಂಗ್ ಆದವರು ಕಣೋ. ಬಿಲ್ ಕೊಡುತ್ತಾರೆ. ಮಾರುವಾಗ ಸರ್ವೀಸ್ ಹಿಸ್ಟರಿ ಕೇಳುತ್ತಾರೆ.

ತಮ್ಮ: ಮಾರುವವರು ಯಾರು? ಅಪ್ಪನ ಕಾರು.

ಇದಾದ ಮೇಲೆ ಎಂಟು ನಿಮಿಷ ಯಾರೂ ಏನೂ ಬರೆಯಲಿಲ್ಲ.

ಮೌನ ಮುರಿದವಳು ಅಣ್ಣನ ಮಗಳು. ಮೈಸೂರಿನಲ್ಲಿ ಲಾ ಓದುತ್ತಿದ್ದಾಳೆ, ಅವಕಾಶ ಸಿಕ್ಕರೆ ಬಿಡುವುದಿಲ್ಲ.

ಮಗಳು: ಅಪ್ಪಾ, 2014ರ ಆಗಸ್ಟ್‌ನಲ್ಲಿ ಸ್ಪರ್ಧಾ ಆಯೋಗ, ಅಂದರೆ ವ್ಯಾಪಾರದಲ್ಲಿ ಪೈಪೋಟಿ ನ್ಯಾಯವಾಗಿ ನಡೆಯುತ್ತಾ ಅಂತ ನೋಡುವ ಕೇಂದ್ರದ ಸಂಸ್ಥೆ, 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ದಂಡ ಹಾಕಿತ್ತು ಗೊತ್ತಾ? ಬಿಡಿಭಾಗ ಹೊರಗಿನ ಗ್ಯಾರೇಜಿಗೆ ಸಿಗದ ಹಾಗೆ ಮಾಡಿದ್ದಕ್ಕೆ. ಹೊರಗೆ ರಿಪೇರಿ ಮಾಡಿಸಿದರು ಅಂತ ವಾರಂಟಿ ಪೂರ್ತಿ ರದ್ದು ಮಾಡಬಾರದು, ಆ ರಿಪೇರಿ ಕೆಟ್ಟು ಆದ ಹಾನಿಗಷ್ಟೇ ಇಲ್ಲ ಅನ್ನಬಹುದು ಅಂತಲೂ ಹೇಳಿತ್ತು. ಕಂಪನಿಗಳು ಅಪೀಲು ಹೋದವು, ಅದು ಬೇರೆ ಕಥೆ.

ತಮ್ಮ: ನೋಡು ಅಣ್ಣಾ, ನಿನ್ನ ಮಗಳೇ ನನ್ನ ವಕೀಲೆ.

ನಾನು: ಪುಟ್ಟಿ, ನಮ್ಮ ಕಾರಿನ ವಾರಂಟಿ 2021ರಲ್ಲೇ ಮುಗಿದಿದೆ ಕಂದ.

ಅವಳು ನಾಲಿಗೆ ಕಚ್ಚಿದ ಮುಖದ ಎಮೋಜಿ ಹಾಕಿ ಹೋದಳು. ಆದರೆ ಹೊಸ ಕಾರು ಇರುವವರಿಗೆ ಈ ಮಾತು ಗೊತ್ತಿರುವುದು ಒಳ್ಳೆಯದೇ.

ಅಣ್ಣ: ಸರಿ, ನಿನ್ನ ಗುತ್ತಲು ರಸ್ತೆಯ ಗ್ಯಾರೇಜ್ ಮೇಸ್ತ್ರಿ ಕಥೆ ಹೇಳಲಾ? ಹೋದ ವರ್ಷ ಯಾವುದೋ ಲೋಕಲ್ ಏರ್ ಫಿಲ್ಟರ್ ಹಾಕಿದ. ಅಂಚು ಸರಿಯಾಗಿ ಕೂರದೆ ಡಬ್ಬಿ ಒಳಗೆಲ್ಲ ಧೂಳು. ಬಿಲ್ ಕೇಳಿದರೆ ಸಿಗರೇಟ್ ಪ್ಯಾಕಿನ ಹಿಂದೆ ಬರೆದುಕೊಟ್ಟ.

ತಮ್ಮ: ಅದು ಒಂದು ಸಲ.

ಅಣ್ಣ: ಏರ್‌ಬ್ಯಾಗ್ ದೀಪಕ್ಕೆ ಏನು ಅಂದ? ಅದನ್ನೂ ಗುಂಪಿನಲ್ಲಿ ಹೇಳು.

ತಮ್ಮ ಟೈಪ್ ಮಾಡುತ್ತಲೇ ಇದ್ದ, ನಿಲ್ಲಿಸಿದ, ಮತ್ತೆ ಟೈಪ್ ಮಾಡಿದ.

ತಮ್ಮ: ಬಲ್ಬ್ ಕಿತ್ತುಬಿಡೋಣ ಸಾರ್ ಅಂದ.

ಅಣ್ಣ: ಹೂಂ. ದೀಪ ಉರಿಯುತ್ತಿದೆ ಅಂದರೆ ಡಿಕ್ಕಿ ಆದಾಗ ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತೆ ಅನ್ನೋ ಭರವಸೆ ಇಲ್ಲ ಅಂತ ಅರ್ಥ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೈವೇಯಲ್ಲಿ ಓಡಾಡುವವನು ನೀನೇ ಅಲ್ವಾ?

ಇಲ್ಲಿ ಅಣ್ಣ ಗೆದ್ದ. ನಾನೂ ಅವನ ಕಡೆ ಹೆಬ್ಬೆರಳು ಎತ್ತಿದೆ. ಇಡೀ 18,700ಕ್ಕೂ ಹೆಬ್ಬೆರಳು ಎತ್ತುವುದರಲ್ಲಿದ್ದೆ, ಅಷ್ಟರಲ್ಲಿ ಚಿಕ್ಕಪ್ಪ ಬಂದರು. ಚಿಕ್ಕಪ್ಪ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ರಿಟೈರ್ ಆದವರು. ಗುಂಪಿನಲ್ಲಿ ಮಾತಾಡುವುದೇ ಕಡಿಮೆ.

ಚಿಕ್ಕಪ್ಪ: ಪ್ಯಾಡ್ ಎಷ್ಟು ಎಂಎಂ ಇದೆ?

ಅಣ್ಣ: ಸವೆದಿದೆ ಅಂದರು ಚಿಕ್ಕಪ್ಪ.

ಚಿಕ್ಕಪ್ಪ: ಸವೆಯದೆ ಬೆಳೆಯುತ್ತದಾ? ಎಷ್ಟು ಎಂಎಂ?

ಯಾರಿಗೂ ಗೊತ್ತಿರಲಿಲ್ಲ. ಶೋರೂಮ್‌ನವರು ಅಳೆದಿರಲಿಲ್ಲ, ಮೇಸ್ತ್ರಿ ಚಕ್ರವನ್ನೇ ಬಿಚ್ಚಿರಲಿಲ್ಲ. ಬೆಳಿಗ್ಗೆಯಿಂದ ನಾವು ಜಗಳವಾಡಿದ್ದು ಯಾರೂ ನೋಡದ ಒಂದು ವಸ್ತುವಿನ ಮೇಲೆ.

ಚಿಕ್ಕಪ್ಪ: ಹೊಸ ಪ್ಯಾಡ್ ಸುಮಾರು 10 ಎಂಎಂ ಇರುತ್ತದೆ. 3ಕ್ಕೆ ಬಂದರೆ ತೆಗೆಯಬೇಕು. ಡಿಸ್ಕಿಗೂ ಕನಿಷ್ಠ ದಪ್ಪ ಅಂತ ಇದೆ, ಸಾಮಾನ್ಯವಾಗಿ ಅದರ ಮೇಲೇ ಕೊರೆದಿರುತ್ತಾರೆ. ಅಳೆಯದೆ 4,200 ಬರೆದವನು ಯಾರು? ಇನ್ನೊಂದು. ಇಷ್ಟುದ್ದ ಪಟ್ಟಿಯಲ್ಲಿ ಬ್ರೇಕ್ ಆಯಿಲ್ ಎಲ್ಲಿದೆ?

ತಮ್ಮ: ಲೆವೆಲ್ ಸರಿಯಾಗಿದೆಯಲ್ಲ ಚಿಕ್ಕಪ್ಪ.

ಚಿಕ್ಕಪ್ಪ: ಲೆವೆಲ್ ಅಲ್ಲ ಮಗಾ, ವಯಸ್ಸು ಕೇಳಿದ್ದು. ಬ್ರೇಕ್ ಆಯಿಲ್ ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ. ಡಾಟ್ 3 ಅನ್ನೋ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕಡಿಮೆ ಅಂದರೂ 205 ಡಿಗ್ರಿವರೆಗೆ ಕುದಿಯಬಾರದು ಅಂತ ಲೆಕ್ಕ. ನೀರು ಸೇರಿದ ಮೇಲೆ ಅದು 140ಕ್ಕೆ ಇಳಿಯಬಹುದು. ಮೇಲುಕೋಟೆಯಿಂದ ಜಕ್ಕನಹಳ್ಳಿ ಕಡೆ ಬ್ರೇಕ್ ಒತ್ತಿಕೊಂಡೇ ಇಳಿದರೆ ಬಿಸಿ ಏರಿ ಒಳಗೆ ಗುಳ್ಳೆ ಏಳುತ್ತದೆ. ಕಾಲಿಟ್ಟರೆ ಪೆಡಲ್ ಹತ್ತಿಯ ಹಾಗೆ ಒಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ನೀವು ಯಾವಾಗ ಮಾಡಿಸಿದ್ದು?

ನಾನು ಲೆಕ್ಕದ ಪುಸ್ತಕ ತೆಗೆದು ನೋಡಿದೆ. ಟೈರು, ಬ್ಯಾಟರಿ, ವೈಪರ್, ಆಯುಧಪೂಜೆಯ ಬಾಳೆಕಂದು, ಎಲ್ಲ ಇದೆ. ಬ್ರೇಕ್ ಆಯಿಲ್ ಒಂದು ಸಲವೂ ಇಲ್ಲ. ಆರು ವರ್ಷ ಎರಡೂ ಕಡೆ ದುಡ್ಡು ಕೊಟ್ಟಿದ್ದೇವೆ. ಹೊಟ್ಟೆಗೆ ಕೋಟಿಂಗ್ ಹೇಳುವವರು ಇದನ್ನು ಹೇಳಲಿಲ್ಲ, ಮನೆಯವನ ಥರ ಇರುವ ಮೇಸ್ತ್ರಿಯೂ ಹೇಳಲಿಲ್ಲ. ನನಗೆ ಸಿಟ್ಟು ಬಂದದ್ದು ಆಗ.

ಭಾನುವಾರ ಚಿಕ್ಕಪ್ಪ ಅಂಗಳದಲ್ಲೇ ಜಾಕ್ ಕೊಟ್ಟು ಚಕ್ರ ಬಿಚ್ಚಿದರು. ಫೋಟೊ ಬಂತು. ಪ್ಯಾಡ್ 3 ಎಂಎಂಗೂ ಸ್ವಲ್ಪ ಕಡಿಮೆ. ಡಿಸ್ಕ್ ಆರಾಮಾಗಿದೆ.

ಅಣ್ಣ: ಪ್ಯಾಡ್ ಹೋಗಿತ್ತಲ್ಲ, ನಾನು ಹೇಳಲಿಲ್ವಾ?

ತಮ್ಮ: ಡಿಸ್ಕ್ ಹೋಗಿರಲಿಲ್ಲವಲ್ಲ, ನಾನು ಹೇಳಲಿಲ್ವಾ?

ಕೊನೆಗೆ ಆದದ್ದು ಹೀಗೆ. ಪ್ಯಾಡ್, ಫಿಲ್ಟರ್, ಎಂಜಿನ್ ಆಯಿಲ್ ಎಲ್ಲವನ್ನೂ ತಮ್ಮನೇ ಕಾರು ಕಂಪನಿಯ ಪಾರ್ಟ್ಸ್ ಕೌಂಟರ್‌ನಿಂದ ಬಿಲ್ ಸಮೇತ ತಂದ. ಬೆಲೆ ಎಂಆರ್‌ಪಿಯದು, ಎಸ್ಟಿಮೇಟಿನಲ್ಲಿ ಇದ್ದಷ್ಟೇ. ಹಾಕಿದ್ದು ಮೇಸ್ತ್ರಿ, ಕೂಲಿ 900. ಪಕ್ಕದಲ್ಲಿ ಚಿಕ್ಕಪ್ಪ ಸ್ಟೂಲ್ ಹಾಕಿಕೊಂಡು ಕುಳಿತಿದ್ದರು. ಪಾಪ, ಮೇಸ್ತ್ರಿ ಅವತ್ತು ಫೋನನ್ನೇ ಎತ್ತಲಿಲ್ಲವಂತೆ. ಬ್ರೇಕ್ ಆಯಿಲ್ ಬದಲಾಯಿಸಿ ಅದರ ಪೈಪಿನೊಳಗಿನ ಗಾಳಿ ತೆಗೆದದ್ದಕ್ಕೆ 550. ಹಳೇ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಹಳೇ ಪ್ಯಾಡ್‌ಗಳನ್ನು ಚಿಕ್ಕಪ್ಪ ಕೇಳಿ ಇಸಕೊಂಡು ಬಂದರು, ಈಗಲೂ ಮನೆಯ ಕಿಟಕಿಯಲ್ಲಿವೆ. ಇಂಜೆಕ್ಟರ್, ಎಸಿ, ಕೋಟಿಂಗ್ ಮೂರೂ ಬಿಟ್ಟೆವು. ಅಲ್ಲಿಗೇ 6,950 ಉಳಿಯಿತು.

ಏರ್‌ಬ್ಯಾಗ್ ದೀಪಕ್ಕೆ ಮಾತ್ರ ಮೈಸೂರಿಗೇ. ಅದಕ್ಕೆ ಮೇಸ್ತ್ರಿ ಕೈ ಹಾಕುವುದು ಬೇಡ ಅಂತ ಚಿಕ್ಕಪ್ಪನೇ ಹೇಳಿದರು. ಮಂಗಳವಾರ ಕಾರು ತೆಗೆದುಕೊಂಡು ಹೋದವಳು ನಾನು. ಸ್ಕ್ಯಾನರ್ ಹಾಕಿದ ಹುಡುಗ ಐದು ನಿಮಿಷ ನೋಡಿದ. ಆಮೇಲೆ ಬ್ಯಾಟರಿ ವೈರ್ ಬಿಚ್ಚಿ, ಡ್ರೈವರ್ ಸೀಟಿನ ಕೆಳಗೆ ಟಾರ್ಚ್ ಬಿಟ್ಟು ನಗೋಕೆ ಶುರು ಮಾಡಿದ. ಅಲ್ಲಿನ ಹಳದಿ ವೈರಿನ ಸಾಕೆಟ್ ಸಡಿಲವಾಗಿತ್ತು. ಏನೋ ಒಂದು ಅದಕ್ಕೆ ಸಿಕ್ಕಿಕೊಂಡು ಎಳೆದಿತ್ತು. ಸಾಕೆಟ್ ಕೂರಿಸಿ ದೀಪ ಆರಿಸಿದ್ದಕ್ಕೆ ಜಿಎಸ್‌ಟಿ ಸೇರಿ 1,180. ನಾನು ಫೋಟೊ ತೆಗೆದು ಗುಂಪಿಗೆ ಹಾಕಿದೆ.

ನಾನು: ಕಾರಣ ಸಿಕ್ಕಿತು. ಒಟ್ಟು 7,680. ತಲೆಗೆ 2,560, ಇವತ್ತೇ ಹಾಕಿ.

ಫೋಟೊದಲ್ಲಿ ಇದ್ದದ್ದು ಕಂದು ಬಣ್ಣದ ಮಡಿಸುವ ಛತ್ರಿ.

ಅಮ್ಮ: ಗುರುವಾರವೇ ಕೇಳಿದ್ದೆ. ಯಾರಾದರೂ ಓದಿದ್ರಾ?